ಮೇಲೆ ಕಂಡದ್ದು ಕೆಳಗಿರುತ್ತದೆ

ಹರ್ಮಟ್ಟಾನ್ ಬೀಸಲು ಹಿಡಿದು ಹದಿನೇಳು ದಿನ.
ತಮಾಲೆಯ ಸೂರ್ಯ ಸವೆದ ನಾಣ್ಯ;
ತುಟಿ ಒಡೆದು, ನಗುವುದಕ್ಕೂ ಲೆಕ್ಕಾಚಾರ.
ಸಂತೆಯ ಹಿಂದಿನ ಓಣಿಯಲ್ಲಿ
ನನ್ನದೊಂದು ಎರಡು ಮಾರಿನ ಅಂಗಡಿ.
ಬಾಗಿಲಿಗೆ ಒದ್ದೆ ಬಟ್ಟೆ, ಕಿಟಕಿಯ ಸಂದಿಗೆ ಅಂಟುಪಟ್ಟಿ,
ಇಷ್ಟಾದರೂ ಮೇಜಿನ ಮೇಲೆ
ಬೆರಳಲ್ಲಿ ಹೆಸರು ಬರೆಯಬಹುದು.

ವುಂಪಿನಿ ಬಂದ, ಕ್ಯಾಮೆರಾವನ್ನು
ಹಸುಗೂಸಿನ ಹಾಗೆ ಅಂಗಿಯೊಳಗೆ ಅವಚಿಕೊಂಡು.
"ಅಕ್ಕಾ, ಒಂದು ಚುಕ್ಕೆ."
ತೋರಿಸಿದ: ಮದುವೆ, ಮಸೀದಿ, ಶಾಲೆಯ ಓಟ,
ಊರ ದೊರೆಯ ಕುದುರೆ.
ಎಲ್ಲದರ ಆಕಾಶದಲ್ಲೂ ಬಲಮೂಲೆಯ ಹತ್ತಿರ
ಅದೇ ಬೂದು ನೊಣ, ಕದಲದೆ.

"ಕಂಪ್ಯೂಟರಿನಲ್ಲಿ ಅಳಿಸಿದರಾಯಿತಲ್ಲ" ಅಂದೆ.
ಉಗುಳು ನುಂಗಿದ.
ಅಳಿಸುತ್ತಿದ್ದನಂತೆ, ರಾತ್ರಿಯಿಡೀ, ನಿದ್ದೆಗಣ್ಣಲ್ಲಿ,
ಕರೆಂಟು ಹೋಗುವುದರೊಳಗೆ ಮುಗಿಯಲೆಂದು.
ಫುಸೈನಾಳ ಮಗುವಿಗೆ ಹೆಸರಿಟ್ಟ ದಿನದ ಪಟವೂ
ಆ ಸಾಲಿನಲ್ಲಿತ್ತು.
ಕೆನ್ನೆಯ ಮೇಲೊಂದು ಕರಿಗೆರೆ, ಅಕ್ಕಿಕಾಳಿಗಿಂತ ಚಿಕ್ಕದು.
ಅಳಿಸಿದ.

ಅದು ಧೂಳಲ್ಲ.
ಹಿಂದಿನ ಎರಡು ಕೂಸು ನಿಲ್ಲದೆ ಹೋದ ಮೇಲೆ
ಮೂರನೆಯದಕ್ಕೆ ಅಜ್ಜಿ ತಾನೇ ಮುಂದೆ ನಿಂತು ಹಾಕಿಸಿದ ಕಚ್ಚು;
ಸಾವು ಬಂದರೆ, ಇದು ಬೇರೆಯವರು ಗುರುತು ಮಾಡಿಟ್ಟದ್ದು ಅಂದುಕೊಂಡು
ಮುಂದಿನ ಮನೆಗೆ ಹೋಗಲಿ ಅಂತ.
ಚೌಕಟ್ಟು ಸಮೇತ ಪಟ ವಾಪಸು ಬಂತು.
ಅಜ್ಜಿ ಬೈಯಲಿಲ್ಲವಂತೆ. ಕೇಳಿದ್ದಿಷ್ಟೇ:
"ಚೆಂದದ ಮಗು. ಯಾರದು?"

ನಾನೇನೂ ಅನ್ನಲಿಲ್ಲ. ಬ್ಯಾಟರಿ ತುಂಬಿದೆಯೇ ನೋಡಿದೆ;
ನಡುವೆ ಸತ್ತರೆ ಕಡ್ಡಿ ಒಳಗಿರುವಾಗಲೇ
ರೆಪ್ಪೆ ಮುಚ್ಚಿಬಿಡುತ್ತದೆ.
ಲೆನ್ಸ್ ಕಳಚಿ, ಬಾಯಿ ನೆಲಕ್ಕೆ ಮಾಡಿ ಹಿಡಿದು
ರಬ್ಬರ್ ಬುರುಡೆ ಒತ್ತಿದೆ: ಫುಸ್, ಫುಸ್.
ಬಾಯಿಂದ ಊದಬಾರದು.
ಅಮ್ಮ ಬಟ್ಟೆಯ ಚುಂಗು ಸುತ್ತಿ
ನನ್ನ ಕಣ್ಣಿಗೆ ಬಿಸಿಯುಸಿರು ಕೊಡುತ್ತಿದ್ದಳಲ್ಲ,
ಹಾಗೆ ಕೊಟ್ಟರೆ ಈ ಕಣ್ಣು ಕೆಡುತ್ತದೆ.
ಪ್ರೀತಿಯ ಉಸಿರಲ್ಲೂ ಎಂಜಲಿರುತ್ತದೆ.

ಹೋಗಲಿಲ್ಲ ಚುಕ್ಕೆ.
ಒಳಗೆ ಪಟ ತಲೆಕೆಳಗು; ಮೇಲೆ ಕಂಡದ್ದು ಕೆಳಗಿರುತ್ತದೆ.
ಕಲಿಸಿದವನು ನಾಪಾರಿ ಮಾವ, ರೇಡಿಯೋ ರಿಪೇರಿಯವನು.
ಆಕಾಶದಲ್ಲಿ ಕೊಳೆಯಿದೆ ಎಂದು ಬಂದವರಿಗೆಲ್ಲ
"ನೆಲದಲ್ಲಿ ಹುಡುಕು" ಎನ್ನುತ್ತಿದ್ದ.
ಕ್ಯಾಮೆರಾದ ಮಾತೋ ಬೇರೆ ಮಾತೋ, ಕೇಳಲಿಲ್ಲ ನಾನು.

ಭೂತಗನ್ನಡಿಯಲ್ಲಿ ಸಿಕ್ಕಿತು. ಎಣ್ಣೆಹನಿಯಲ್ಲ, ಧೂಳೇ.
ನಮ್ಮೂರಿನದೂ ಅಲ್ಲ.
ದೂರ ಚಾಡ್ ದೇಶದಲ್ಲಿ ಎಂದೋ ಬತ್ತಿದ ಮಹಾ ಕೆರೆಯೊಂದರ ತಳ
ಗಾಳಿ ಹತ್ತಿ ಬರುತ್ತದೆ ಪ್ರತಿ ಚಳಿಗಾಲ;
ಅದರಲ್ಲಿ ಗಾಜಿನ ಚಿಪ್ಪು ತೊಟ್ಟ ಜೀವಗಳ ಪುಡಿ.
ನೀರಿದ್ದಾಗ ಬೆಳಕು ತಿಂದೇ ಬದುಕಿದ್ದು
ಈಗ ಬೆಳಕಿಗೇ ಅಡ್ಡ ಕೂತಿದೆ.

ಎರಡು ಹನಿ ದ್ರವ. ಎಡದಿಂದ ಬಲಕ್ಕೆ ಒಂದು ಸಲ,
ಕಡ್ಡಿ ಹೊರಳಿಸಿ ಬಲದಿಂದ ಎಡಕ್ಕೆ ಒಂದು ಸಲ.
ಅಲ್ಲಿಯವರೆಗೆ ಅವನೂ ಉಸಿರು ಬಿಡಲಿಲ್ಲ.

ಈ ತಿಂಗಳಲ್ಲಿ ಪರೀಕ್ಷೆಗೆ ಬಿಳಿ ಹಾಳೆ ಬೇಡ,
ಆಕಾಶವೇ ಸುಣ್ಣ ಬಳಿದ ಗೋಡೆ.
ಕಂಡಿ ಕಿರಿದು ಮಾಡಿ ಒತ್ತಿದೆ.
ಖಾಲಿ. ಮೂಲೆ ಮೂಲೆಯೂ ಖಾಲಿ.
ಆ ಖಾಲಿ ಪಟವನ್ನು ಇಬ್ಬರೂ
ಹಸಿದವರು ಎಲೆ ನೋಡುವ ಹಾಗೆ ನೋಡಿದೆವು.

ಅರ್ಧ ದುಡ್ಡು, ಒಂದು ಡಬ್ಬಿ ಶೇಂಗಾ.
ಉಳಿದದ್ದು ಮುಂದಿನ ಮದುವೆ ಆದಮೇಲೆ.

ಹೊರಗೆ, ಓಣಿಯ ಆಚೆ ಬದಿಗೆ
ಫುಸೈನಾ ನಿಂತಿದ್ದಳು, ಬೆನ್ನಿಗೆ ಮಗು ಕಟ್ಟಿಕೊಂಡು.
ಇನ್ನೊಂದು ಪಟಕ್ಕೆ ಅಜ್ಜಿ ಒಪ್ಪಿದ್ದಳೆಂದು ಕಾಣುತ್ತದೆ.
ವುಂಪಿನಿ ಅವಸರದಲ್ಲಿ ಅಲ್ಲೇ,
ಆ ಗಾಳಿಯಲ್ಲೇ ನಿಂತು ಲೆನ್ಸ್ ಕಳಚಿದ.

"ಏ ಬೇಡ್ವೋ!" ಎಂದು ಬಾಗಿಲಿಗೆ ಓಡಿದೆ.
ಅಷ್ಟರಲ್ಲಿ ಮಗು ನನ್ನ ಕೂಗಿಗೆ
ಗುರುತಿನ ಕೆನ್ನೆ ಈ ಕಡೆ ತಿರುಗಿಸಿತ್ತು.